ಆಲ್ಬರ್ಟ್ ಹಾಲ್‌ನ ಪ್ರತಿಧ್ವನಿ ಮತ್ತು ನಮ್ಮೂರಿನ ಸಭಾಂಗಣಗಳು

(ಮೈಸೂರಿನಲ್ಲಿ ಸಂಗೀತ ರಸಿಕರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಹಿರಿಯರಿಗೆ, ಸ್ನೇಹಿತರಿಗೆ ನಮಸ್ಕಾರ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಒಂದು ಕಛೇರಿ ನಡೆಯಿತು. ಜರ್ಮನಿಯ ಹೆಸರಾಂತ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ತಮ್ಮ ಎಂಬತ್ತರ ಮೇಲಿನ ವಯಸ್ಸಿನಲ್ಲಿ ಬರೆದ ನಾಲ್ಕು ಕೊನೆಯ ಗೀತೆಗಳನ್ನು ಅಂದು ಮೊಟ್ಟಮೊದಲ ಬಾರಿಗೆ ಹಾಡಲಾಯಿತು. ಹಾಡಿದವರು ನಾರ್ವೆಯ ಕರ್ಸ್ಟನ್ ಫ್ಲ್ಯಾಗ್‌ಸ್ಟಾಡ್, ವಾದ್ಯವೃಂದ ಫಿಲ್‌ಹಾರ್ಮೋನಿಯಾ, ಅದನ್ನು ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಸ್ಟ್ರಾಸ್ ಅದಕ್ಕೆ ಎಂಟು ತಿಂಗಳ ಹಿಂದೆಯೇ ತೀರಿಕೊಂಡಿದ್ದರು. ಈ ಕಛೇರಿಗೆ 4,800 ಡಾಲರ್‌ಗಳ ಖಾತರಿ ಕೊಟ್ಟು ನಿಂತವರು ನಮ್ಮ ಜಯಚಾಮರಾಜ ಒಡೆಯರು. ಅವರು ಲಂಡನ್ನಿಗೆ ಹೋಗಲಾಗಲಿಲ್ಲ. ಅಲ್ಲಿ ನಡೆದದ್ದನ್ನು ಡಿಸ್ಕಿಗೆ ಇಳಿಸಿ ಮೈಸೂರಿಗೆ ಕಳಿಸಬೇಕೆಂಬುದು ಏರ್ಪಾಟು. ಅವರ ಸಂಗ್ರಹದಲ್ಲಿ ಆ ಹೊತ್ತಿಗೇ ಸುಮಾರು 20,000 ರೆಕಾರ್ಡುಗಳಿದ್ದವಂತೆ. ಅಂದಿನ ಆ ಧ್ವನಿಮುದ್ರಣ ಕರಕರ ಎನ್ನುತ್ತಲೇ ಇಂದಿಗೂ ಉಳಿದಿದೆ, ಕೇಳಲು ಸಿಗುತ್ತದೆ. ಅದರಲ್ಲಿ ಹಾಡುಗಾರ್ತಿಯ ದನಿಯ ಜೊತೆಗೆ ಆ ಕಟ್ಟಡದ ದನಿಯೂ ಸೇರಿಕೊಂಡಿದೆ. ನಾನು ಇಂದು ಮಾತಾಡಬೇಕೆಂದಿರುವುದು ಆ ಕಟ್ಟಡದ ದನಿಯ ಬಗ್ಗೆ.

ನಾನು ಈ ಊರಿನ ಸಭಾಂಗಣಗಳಲ್ಲಿ ಮೈಕು, ಸ್ಪೀಕರ್ ಜೋಡಿಸುವ ಕೆಲಸ ಮಾಡಿಕೊಂಡು ಬಂದವನು. ಸಂಗೀತದ ಬಗ್ಗೆ ಮಾತಾಡಲು ನನಗಿಂತ ತಿಳಿದವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದೀರಿ. ಆದರೆ ಗೋಡೆ, ಚಾವಣಿ, ಕುರ್ಚಿ, ಪರದೆ ಇವು ಒಂದು ಕಛೇರಿಗೆ ಏನೇನು ಮಾಡುತ್ತವೆ ಎನ್ನುವುದು ನನ್ನ ದಿನನಿತ್ಯದ ಕೆಲಸ.

ಆಲ್ಬರ್ಟ್ ಹಾಲ್ ಹುಟ್ಟಿದ್ದು ಒಂದು ವಸ್ತುಪ್ರದರ್ಶನದ ಲಾಭದಿಂದ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನದಿಂದ 1,86,000 ಪೌಂಡ್ ಉಳಿಯಿತು. ಅದನ್ನು ಹಂಚಿಕೊಂಡು ಖರ್ಚು ಮಾಡುವ ಬದಲು ಸೌತ್ ಕೆನ್ಸಿಂಗ್‌ಟನ್‌ನಲ್ಲಿ ಜಮೀನು ಕೊಂಡರು. ಕಲೆ ಮತ್ತು ವಿಜ್ಞಾನ ಎರಡಕ್ಕೂ ಅಲ್ಲಿ ಮನೆ ಇರಬೇಕು ಎನ್ನುವುದು ರಾಣಿ ವಿಕ್ಟೋರಿಯಾ ಅವರ ಪತಿ ಪ್ರಿನ್ಸ್ ಆಲ್ಬರ್ಟ್ ಅವರ ಕನಸು. ಅವರು 1861ರಲ್ಲಿ ತೀರಿಕೊಂಡರು. ಕೆಲಸವನ್ನು ಹಟ ಹಿಡಿದು ಮುಂದುವರಿಸಿದವರು ಹೆನ್ರಿ ಕೋಲ್. ನಕ್ಷೆ ಮಾಡಿದ ಇಬ್ಬರೂ ಸೈನ್ಯದ ಎಂಜಿನಿಯರುಗಳು: ಮೊದಲು ಫ್ರಾನ್ಸಿಸ್ ಫೌಕ್, ಅವರು 1865ರಲ್ಲಿ ತೀರಿಕೊಂಡ ಮೇಲೆ ಹೆನ್ರಿ ಸ್ಕಾಟ್.

ಹಣ ಸಾಲಲಿಲ್ಲ. ಆಗ ಕೋಲ್ ಕುರ್ಚಿಗಳನ್ನೇ ಮಾರಿದರು. ಒಂದು ಕುರ್ಚಿಗೆ 100 ಪೌಂಡ್, 999 ವರ್ಷದ ಹಕ್ಕು. ಕೊಂಡವರ ಮಕ್ಕಳು ಮೊಮ್ಮಕ್ಕಳು ಅದೇ ಕುರ್ಚಿಯಲ್ಲಿ ಕೂರಬಹುದು, ಮಾರಲೂಬಹುದು. ಸಾವಿರಕ್ಕೂ ಹೆಚ್ಚು ಕುರ್ಚಿಗಳು ಈಗಲೂ ಹೀಗೆ ಖಾಸಗಿಯವರ ಕೈಯಲ್ಲಿವೆ. ಇದರಿಂದ ಇಂದು ಅಲ್ಲಿ ತಕರಾರುಗಳೂ ಹುಟ್ಟಿವೆ, ಅದು ಬೇರೆ ಮಾತು. ಆದರೆ ಕಟ್ಟುವ ಮೊದಲೇ ಊರಿನವರನ್ನು ಪಾಲುದಾರರನ್ನಾಗಿ ಮಾಡಿಕೊಂಡ ಆ ಯೋಚನೆ ನನಗೆ ಬಹಳ ಹಿಡಿಸುತ್ತದೆ.

1867ರಲ್ಲಿ ಅಡಿಗಲ್ಲು. ಸುಮಾರು 60 ಲಕ್ಷ ಕೆಂಪು ಇಟ್ಟಿಗೆ, 80,000 ಟೆರಾಕೋಟಾ (ಸುಟ್ಟ ಮಣ್ಣಿನ) ತುಂಡುಗಳು. ಮೊಟ್ಟೆಯಾಕಾರದ ಕಟ್ಟಡ, ಅದರ ಮೇಲೆ ಕಬ್ಬಿಣ ಮತ್ತು ಗಾಜಿನ ಗುಮ್ಮಟ. ಗುಮ್ಮಟದ ಕಬ್ಬಿಣವನ್ನು ಮ್ಯಾಂಚೆಸ್ಟರಿನಲ್ಲಿ ಒಮ್ಮೆ ಪೂರ್ತಿ ಜೋಡಿಸಿ ನೋಡಿ, ಬಿಚ್ಚಿ, ಲಂಡನ್ನಿಗೆ ಸಾಗಿಸಿ ಮತ್ತೆ ಜೋಡಿಸಿದರು. ಕೆಳಗಿನ ಆಸರೆಯ ಮರಮುಟ್ಟು ತೆಗೆದ ದಿನ ಗುಮ್ಮಟ ಇಳಿದದ್ದು ಅಂಗುಲದ 16ರಲ್ಲಿ 5 ಭಾಗ ಮಾತ್ರ. ಎಂಜಿನಿಯರುಗಳಾಗಿ ಅವರು ಗೆದ್ದರು. ಸೋತದ್ದು ಕಿವಿಯ ವಿಷಯದಲ್ಲಿ.

1871ರ ಮಾರ್ಚ್ 29ರಂದು ಉದ್ಘಾಟನೆ. ಗಂಡನ ನೆನಪಿನಿಂದ ಗಂಟಲು ಕಟ್ಟಿ ರಾಣಿಗೆ ಮಾತಾಡಲಾಗಲಿಲ್ಲ, ಮಗನೇ ಹಾಲ್ ತೆರೆದಿದೆ ಎಂದು ಸಾರಬೇಕಾಯಿತು. ಬಿಷಪ್ಪರು ಪ್ರಾರ್ಥನೆ ಮುಗಿಸಿ ಆಮೆನ್ ಅಂದರು. ಗುಮ್ಮಟವೂ ಆಮೆನ್ ಅಂದಿತು. ಸೇರಿದ್ದ ಸಾವಿರಾರು ಜನರ ಮುಂದೆ ಮೊದಲ ದಿನವೇ ಪ್ರತಿಧ್ವನಿ ಬಯಲಾಯಿತು. ರಚನಕಾರನೊಬ್ಬ ತನ್ನ ಕೃತಿಯನ್ನು ಖಂಡಿತವಾಗಿ ಎರಡು ಸಲ ಕೇಳಬಹುದಾದ ಜಾಗ ಇದೊಂದೇ ಎಂಬ ಮಾತು ಲಂಡನ್ನಿನಲ್ಲಿ ಬಹುಕಾಲ ಓಡಾಡುತ್ತಿತ್ತು.

ಏಕೆ ಹೀಗಾಯಿತು? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಗುಮ್ಮಟದ ಎತ್ತರ ಸುಮಾರು 41 ಮೀಟರ್. ವೇದಿಕೆಯಿಂದ ಸದ್ದು ಮೇಲಕ್ಕೆ ಹೋಗಿ ಕೆಳಕ್ಕೆ ಬರಬೇಕಾದರೆ 80 ಮೀಟರ್ ಓಡಬೇಕು. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅಂದರೆ ವೇದಿಕೆಯ ಹತ್ತಿರ ಕೂತವರಿಗೆ ಪ್ರತಿಧ್ವನಿ ಹೆಚ್ಚುಕಡಿಮೆ ಕಾಲು ಸೆಕೆಂಡ್ ತಡವಾಗಿ ಬರುತ್ತದೆ. ಎರಡು ಸದ್ದುಗಳ ನಡುವೆ ಸೆಕೆಂಡಿನ 20ರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಅಂತರವಿದ್ದರೆ ನಮ್ಮ ಕಿವಿ ಅವನ್ನು ಒಂದೇ ಎಂದು ಕೂಡಿಸಿಕೊಳ್ಳುತ್ತದೆ, ದನಿ ತುಂಬಿಕೊಂಡಂತೆ ಕೇಳುತ್ತದೆ. ಅದಕ್ಕಿಂತ ತುಂಬ ತಡವಾದರೆ ಬೇರೆಯಾಗಿಯೇ ಕೇಳಿಸುತ್ತದೆ.

ಕಾಲು ಸೆಕೆಂಡ್ ಎಂದರೆ ನಮ್ಮ ಸಂಗೀತದಲ್ಲಿ ಎಷ್ಟು ಗೊತ್ತೇ? ಆದಿತಾಳದಲ್ಲಿ ಸೆಕೆಂಡಿಗೊಂದು ಅಕ್ಷರದಂತೆ ತಾಳ ಹಾಕಿಕೊಳ್ಳಿ, ಅಕ್ಷರಕ್ಕೆ ನಾಲ್ಕು ಸ್ವರ ಹಾಡಿ. ಒಂದೊಂದು ಸ್ವರಕ್ಕೂ ಸರಿಯಾಗಿ ಕಾಲು ಸೆಕೆಂಡ್. (ಇಲ್ಲಿ ಸಭೆಯಲ್ಲಿ ಎಲ್ಲರೂ ತಾಳ ಹಾಕಿ ಸರಿಗಮ ಹಾಡಿದರು.) ಈಗ ಊಹಿಸಿಕೊಳ್ಳಿ: ನೀವು ರಿಷಭ ಹಿಡಿಯುವ ಹೊತ್ತಿಗೆ ಮೇಲಿನಿಂದ ಷಡ್ಜ ಬಂದು ಅದರ ಮೇಲೆ ಕೂರುತ್ತದೆ. ಗಾಂಧಾರದ ಮೇಲೆ ರಿಷಭ. ಮೃದಂಗದವರು ಫರನ್ ಎಂಬ ವೇಗದ ಹೊಡೆತಗಳ ಸಾಲು ನುಡಿಸಿದರೆ ಹೊಡೆದ ಹೊಡೆತ ಯಾವುದು, ಮರಳಿ ಬಂದದ್ದು ಯಾವುದು ಎಂದು ತಾಳ ಹಾಕುವವರಿಗೆ ತಿಳಿಯುವುದಿಲ್ಲ. ಚರ್ಚಿನ ನಿಧಾನದ ಸಮೂಹಗಾನಕ್ಕೆ ಅಷ್ಟು ದೊಡ್ಡ ಗುಮ್ಮಟ ಗಂಭೀರವಾದ ಹಿನ್ನೆಲೆಯಾಗಬಹುದು. ಲಯದ ಮೇಲೆ ನಿಂತ ಸಂಗೀತಕ್ಕೆ ಅದು ಶತ್ರು.

ಇನ್ನೊಂದು ಕಾರಣ ಆಕಾರ. ಒಳಬಾಗಿದ ಮೇಲ್ಮೈ ಸದ್ದನ್ನು ಭೂತಗನ್ನಡಿ ಬಿಸಿಲನ್ನು ಒಟ್ಟುಮಾಡುವಂತೆ ಒಂದೆಡೆಗೆ ತಂದು ಸುರಿಯುತ್ತದೆ. ಆದ್ದರಿಂದ ಆಲ್ಬರ್ಟ್ ಹಾಲ್‌ನಲ್ಲಿ ಕೆಲವು ಕುರ್ಚಿಗಳಲ್ಲಿ ಪ್ರತಿಧ್ವನಿ ಭಯಂಕರ, ನಾಲ್ಕು ಕುರ್ಚಿ ಆಚೆ ಅಷ್ಟಿಲ್ಲ. ವಿಜಯಪುರದ ಗೋಳಗುಮ್ಮಟಕ್ಕೆ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿ ಚಪ್ಪಾಳೆ ತಟ್ಟಿ, ಅದು ಮತ್ತೆ ಮತ್ತೆ ಮರಳುವುದನ್ನು ಕೇಳಿ ಮಕ್ಕಳು ಕುಣಿಯುತ್ತವೆ. ಆದರೆ ಅದು ಸಮಾಧಿ, ಅಲ್ಲಿ ಯಾರೂ ಮೃದಂಗದವರ ತನಿ ಆವರ್ತನ ಕೇಳಲು ಹೋಗುವುದಿಲ್ಲ.

ಇನ್ನು ದುರಸ್ತಿಯ ಕಥೆ. ಮೊದಲು ಗುಮ್ಮಟದ ಕೆಳಗೆ ಒಂದು ದೊಡ್ಡ ಕ್ಯಾನ್‌ವಾಸ್ ಬಟ್ಟೆ ಕಟ್ಟಿದರು. ಬಿಸಿಲಿಗೂ ಅಡ್ಡ, ಸದ್ದಿಗೂ ಅಡ್ಡ. ಅದು ಕೆಲಸವನ್ನು ಅರ್ಧಂಬರ್ಧ ಮಾಡಿತು. ಹತ್ತಿರ ಹತ್ತಿರ 80 ವರ್ಷ ಹೀಗೇ ಕಳೆಯಿತು. 1941ರ ಮೇ ತಿಂಗಳಲ್ಲಿ ಜರ್ಮನ್ ಬಾಂಬಿಗೆ ಲಂಡನ್ನಿನ ಕ್ವೀನ್ಸ್ ಹಾಲ್ ಸುಟ್ಟುಹೋಯಿತು. ಕಿವಿಗೆ ತುಂಬ ಇಂಪಾದ ಸಭಾಂಗಣ ಎಂದು ಅದಕ್ಕೆ ಹೆಸರಿತ್ತು. ಅಲ್ಲಿ 1895ರಿಂದ ನಡೆಯುತ್ತಿದ್ದ ಪ್ರಾಮ್ಸ್ ಎಂಬ ಸಂಗೀತೋತ್ಸವ ಆಲ್ಬರ್ಟ್ ಹಾಲ್‌ಗೆ ಬಂದಿತು. ಈಗ ಊರಿನ ದೊಡ್ಡ ಸಂಗೀತವೆಲ್ಲ ಈ ಗುಮ್ಮಟದಡಿಗೇ ಬಂದಾಗ ಪ್ರತಿಧ್ವನಿಯನ್ನು ನಗೆಚಾಟಿಕೆಯಾಗಿ ಬಿಡಲಾಗಲಿಲ್ಲ. 1949ರಲ್ಲಿ ಬಟ್ಟೆ ತೆಗೆದು ಗಾಜಿನ ಕೆಳಗೆ ಅಲ್ಯೂಮಿನಿಯಮ್ ಫಲಕಗಳನ್ನು ಹಾಕಿದರು. ನಾನು ಮೊದಲು ಹೇಳಿದ ಕಛೇರಿ ನಡೆದದ್ದು ಇದರ ಮರುವರ್ಷ. ಆ ಫಲಕಗಳೂ ಪೂರ್ತಿ ಫಲ ಕೊಡಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು 1969ರಲ್ಲಿ. ಫೈಬರ್‌ಗ್ಲಾಸಿನ ದೊಡ್ಡ ದೊಡ್ಡ ತಟ್ಟೆಗಳನ್ನು ಚಾವಣಿಯಿಂದ ತೂಗುಬಿಟ್ಟರು. ಅಲ್ಲಿಯವರು ಅವನ್ನು ಅಣಬೆಗಳು ಎಂದೇ ಕರೆಯುತ್ತಾರೆ. ಕೆಳಗಿನಿಂದ ಹೋದ ಸದ್ದು ಗುಮ್ಮಟ ತಲುಪುವ ಮೊದಲೇ ಈ ತಟ್ಟೆಗಳಿಗೆ ಬಡಿದು ನಾನಾ ದಿಕ್ಕಿಗೆ ಚದುರುತ್ತದೆ, ಬೇಗ ಜನರ ಕಿವಿಗೆ ಮರಳುತ್ತದೆ. ಅಷ್ಟಕ್ಕೇ ಅವರು ಕೈತೊಳೆದುಕೊಳ್ಳಲಿಲ್ಲ. ಅಳೆಯುತ್ತ, ಕೇಳುತ್ತ ಹೋದರು. 2001ರಲ್ಲಿ ಮತ್ತೆ ಅಳೆದು ನೋಡಿ ಇಷ್ಟೊಂದು ಬೇಕಿಲ್ಲ ಎಂದು ಕೆಲವನ್ನು ಇಳಿಸಿದರು. ಈಗ 85 ಇವೆ. 1871ರಿಂದ 2001ರವರೆಗೆ ಒಂದು ದೋಷದ ಬೆನ್ನು ಬಿಡದೆ ಹೋದ ಈ ಸಂಸ್ಥೆಯ ಬಗ್ಗೆ ನನಗೆ ನಿಜವಾದ ಗೌರವವಿದೆ.

ಕಟ್ಟುವವರಿಗೆ ಆಗ ಏಕೆ ತಿಳಿಯಲಿಲ್ಲ ಎಂದು ಕೇಳಬಹುದು. ಸದ್ದು ಕೋಣೆಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಲೆಕ್ಕ ಹಾಕುವ ವಿದ್ಯೆಯೇ ಆಗ ಇರಲಿಲ್ಲ. ಅದು ಬಂದದ್ದು 1895ರ ನಂತರ, ಅಮೆರಿಕದ ಹಾರ್ವರ್ಡಿನಲ್ಲಿ. ವಾಲೇಸ್ ಸಬೈನ್ ಎಂಬ ತರುಣ ಮೇಷ್ಟ್ರಿಗೆ, ಮಾತು ಕೇಳಿಸದ ಒಂದು ಉಪನ್ಯಾಸ ಕೊಠಡಿಯನ್ನು ಸರಿಮಾಡು ಎಂದು ಹೇಳಿದರು. ಅಲ್ಲಿ ಒಂದು ಪದ ಆಡಿದರೆ ಐದೂವರೆ ಸೆಕೆಂಡ್ ಗುಂಯ್‌ಗುಡುತ್ತಿತ್ತು. ಊರು ಮಲಗಿದ ಮೇಲೆ ಅವರು ಹತ್ತಿರದ ನಾಟಕಶಾಲೆಯಿಂದ ಕುರ್ಚಿಯ ಮೆತ್ತೆಗಳನ್ನು ಹೊರಿಸಿ ತಂದು ಸಾಲಾಗಿ ಹಾಸುತ್ತಿದ್ದರು. ಆರ್ಗನ್ ಎಂಬ, ಗಾಳಿಯಿಂದ ನುಡಿಯುವ ಕೊಳವೆಗಳ ವಾದ್ಯದ ಒಂದು ಕೊಳವೆ ಊದಿ, ಸದ್ದು ಪೂರ್ತಿ ಅಡಗುವವರೆಗೆ ಗಡಿಯಾರ ಹಿಡಿದು ಕೂರುತ್ತಿದ್ದರು. ಇನ್ನಷ್ಟು ಮೆತ್ತೆ, ಇನ್ನೊಮ್ಮೆ ಊದುವುದು. ಬೆಳಗಾಗುವುದರೊಳಗೆ ಮೆತ್ತೆಗಳು ಮತ್ತೆ ನಾಟಕಶಾಲೆಗೆ. ಹೀಗೆ ಅವರಿಗೆ ಸೂತ್ರ ದೊರೆಯಿತು: ಕೋಣೆ ದೊಡ್ಡದಾದಷ್ಟೂ ಸದ್ದು ಹೆಚ್ಚು ಹೊತ್ತು ನಿಲ್ಲುತ್ತದೆ, ಹೀರುವ ವಸ್ತು ಹೆಚ್ಚಿದಷ್ಟೂ ಬೇಗ ಅಡಗುತ್ತದೆ. ಆ ಸೂತ್ರ ಹಿಡಿದು ಬಾಸ್ಟನ್ನಿನ ಸಿಂಫನಿ ಹಾಲ್ ಕಟ್ಟಿದರು. 1900ರಲ್ಲಿ ತೆರೆದ ಅದು ಇಂದಿಗೂ ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳ ಸಾಲಿನಲ್ಲಿದೆ.

1996ರಿಂದ 2004ರವರೆಗೆ ಆಲ್ಬರ್ಟ್ ಹಾಲ್‌ನ ದೊಡ್ಡ ಜೀರ್ಣೋದ್ಧಾರ ನಡೆಯಿತು. ಲಾಟರಿ ಹಣದ ಪರಂಪರೆ ನಿಧಿಯಿಂದ 2 ಕೋಟಿ ಪೌಂಡ್, ಅಲ್ಲಿನ ಕಲಾ ಮಂಡಳಿಯಿಂದ 2 ಕೋಟಿ ಪೌಂಡ್ ಬಂತು. ಇದರಲ್ಲಿ ನಾವು ಕಲಿಯಬೇಕಾದ ಸಂಗತಿ ಒಂದಿದೆ: ಹಾಲನ್ನು ಮುಚ್ಚಲಿಲ್ಲ. ಕೆಲಸವನ್ನು ಮೂವತ್ತು ತುಂಡು ಮಾಡಿ, ಕಾರ್ಯಕ್ರಮಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ನಡುನಡುವೆ ಬಿಡುವು ಸಿಕ್ಕಲ್ಲಿ ಒಂದೊಂದನ್ನು ಮುಗಿಸಿದರು. 1996ರ ಜೂನ್‌ನಲ್ಲಿ ಸರ್ಕಲ್ ಎಂಬ ಮೇಲಂತಸ್ತಿನ ಆಸನಗಳನ್ನೆಲ್ಲ ಕಿತ್ತು, ಕಾಲು ಚಾಚಲು ಜಾಗವಾಗುವಂತೆ, ವೇದಿಕೆ ಚೆನ್ನಾಗಿ ಕಾಣುವಂತೆ ಮತ್ತೆ ಕಟ್ಟಿದ್ದು ನಾಲ್ಕೇ ವಾರದಲ್ಲಿ.

ಹೊರಗಿನಿಂದ ನೋಡುವವರಿಗೆ ಹೆಚ್ಚೇನೂ ಬದಲಾಗಿಲ್ಲ. ದಕ್ಷಿಣಕ್ಕೆ ಹೊಸ ಮುಖಮಂಟಪ ಬಂತು, ಅದೂ ಹಳೆಯ ಮಂಟಪಗಳ ಟೆರಾಕೋಟಾಕ್ಕೆ ಹೊಂದುವ ಹಾಗೇ. ಆದರೆ ಅದರಡಿಯಲ್ಲಿ, ನೆಲದೊಳಗೆ, ಲಾರಿಗಳಿಂದ ಸಾಮಾನು ಇಳಿಸಲು ದೊಡ್ಡ ಜಾಗ ತೋಡಿದರು. ಕಛೇರಿಗೆ ಬಂದವರು ಇದನ್ನು ನೋಡುವುದೇ ಇಲ್ಲ. ಆದರೆ ನನ್ನಂಥವನು ಮೊದಲು ಕೇಳುವುದೇ ಇದನ್ನು. ವಾದ್ಯ ಎಲ್ಲಿಂದ ಒಳಗೆ ಬರುತ್ತದೆ? ನಮ್ಮಲ್ಲಿ ತಂಬೂರಿಯನ್ನು ಎದೆಗವಚಿಕೊಂಡು, ಮುಂಬಾಗಿಲಿನಿಂದ, ಚಪ್ಪಲಿ ಬಿಡುವ ಜನರ ನಡುವೆ ದಾರಿ ಬಿಡಿ ದಾರಿ ಬಿಡಿ ಎನ್ನುತ್ತ ಹೋಗುವ ಕಲಾವಿದರನ್ನು ಎಷ್ಟು ಸಲ ನೋಡಿಲ್ಲ ನಾವು! ಗಾಳಿಯಾಟದ ವ್ಯವಸ್ಥೆ ಸುಧಾರಿಸಿತು, ವೇದಿಕೆಯ ಹಿಂದಿನ ಕೋಣೆಗಳು ಸುಧಾರಿಸಿದವು. ಹೆನ್ರಿ ವಿಲಿಸ್ 1871ರಲ್ಲಿ ಮಾಡಿದ್ದ ಆರ್ಗನ್ನನ್ನು 2002ರಿಂದ 2004ರವರೆಗೆ ಬಿಚ್ಚಿ ಕಟ್ಟಿದರು. ಅದರಲ್ಲಿ ಈಗ 9,999 ಕೊಳವೆಗಳಿವೆ.

ಜೀರ್ಣೋದ್ಧಾರದಲ್ಲಿ ಕಿವಿಯನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಸಾಕ್ಷಿ. 1891ರಲ್ಲಿ ತೆರೆದ ಅದರ ನಾದವನ್ನು ಹೊಗಳದವರಿಲ್ಲ. ನಮ್ಮ ಅನೇಕರ ಮನೆಯಲ್ಲಿರುವ ಎಂ.ಎಸ್. ಸುಬ್ಬುಲಕ್ಷ್ಮಿಯವರ ಕಾರ್ನೆಗಿ ಹಾಲ್ ಧ್ವನಿಮುದ್ರಣ 1977ರದು. 1986ರಲ್ಲಿ ಅಲ್ಲಿ ಭಾರಿ ನವೀಕರಣವಾಯಿತು. ತೆರೆದ ಮೇಲೆ ಸಂಗೀತಗಾರರು, ವಿಮರ್ಶಕರು ದನಿ ಮೊದಲಿನಂತಿಲ್ಲ, ಗಡುಸಾಗಿದೆ ಎಂದರು. ಇಲ್ಲ, ಎಲ್ಲ ಸರಿಯಾಗಿದೆ ಎಂಬ ಉತ್ತರ ಬಂತು. ವಾದ ವರ್ಷಗಟ್ಟಲೆ ನಡೆಯಿತು. 1995ರಲ್ಲಿ ವೇದಿಕೆಯ ಹಲಗೆ ಎಬ್ಬಿಸಿದಾಗ ಕೆಳಗೆ ಕಾಂಕ್ರೀಟ್ ಸಿಕ್ಕಿತು! ಅದನ್ನು ಒಡೆದು ತೆಗೆದು ಮರದ ವೇದಿಕೆಯನ್ನು ಮತ್ತೆ ಹಾಕಿದರು. ಮರದ ನೆಲದಡಿ ಟೊಳ್ಳಿದ್ದರೆ ವೇದಿಕೆಯೂ ವಾದ್ಯದ ಜೊತೆ ಕೊಂಚ ನುಡಿಯುತ್ತದೆ. ನಮ್ಮಲ್ಲಿ ಗ್ರಾನೈಟ್ ಹಾಸಿದ ವೇದಿಕೆಯ ಮೇಲೆ ಜಮಖಾನ ಹಾಕಿ ಘಟ ನುಡಿಸುವವರನ್ನು ಕೂರಿಸುವಾಗ ನನಗೆ ಇದೇ ನೆನಪಾಗುತ್ತದೆ.

ಈಗ ನಮ್ಮೂರಿಗೆ ಬರೋಣ. ಸಂಗೀತ ಕೇಳುವ ಹಳೆಯ ಜಾಗಗಳಿಗೆ ಇಲ್ಲಿ ಕೊರತೆಯಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆ ಇದೆ. 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡ ಸಮಾರಂಭ ನಡೆದದ್ದು ಅಲ್ಲೇ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ ದಿವಾನ್ ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಕಟ್ಟಿದ ಪುರಭವನ ಇದೆ. ಶಿವರಾಮಪೇಟೆಯಲ್ಲಿ ಬಿಡಾರಂ ಕೃಷ್ಣಪ್ಪನವರು ಸ್ವತಃ ನಿಂತು ಕಟ್ಟಿಸಿದ ರಾಮಮಂದಿರ ಇದೆ. ಸಂಗೀತಗಾರನೊಬ್ಬ ಸಂಗೀತಕ್ಕಾಗಿ ಕಟ್ಟಿಸಿದ ಮಂದಿರ ಎಂದರೆ ಅದು ಸಣ್ಣ ಮಾತಲ್ಲ. ನಮ್ಮ ಕಾಲದ್ದೆಂದರೆ ಹುಣಸೂರು ರಸ್ತೆಯ ಕಲಾಮಂದಿರ, ಕುವೆಂಪುನಗರದ ವೀಣೆ ಶೇಷಣ್ಣ ಭವನ.

ಕೃಷ್ಣಪ್ಪನವರ ಶಿಷ್ಯ, ತಿರುಮಕೂಡಲಿನ ಟಿ. ಚೌಡಯ್ಯನವರ ಕಥೆ ನಿಮಗೆಲ್ಲ ಗೊತ್ತು. ಮೈಕಿಲ್ಲದ ಕಾಲ. ಪಿಟೀಲಿನ ದನಿ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ ಎಂದು ಅವರು ನಾಲ್ಕು ತಂತಿಯ ಜೊತೆಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ನಾವು ಇದನ್ನು ಚೌಡಯ್ಯನವರ ಪ್ರತಿಭೆಯ ಕಥೆಯಾಗಿ ಹೇಳುತ್ತೇವೆ, ಹೌದು. ನಾನು ಇದನ್ನು ಸಭಾಂಗಣದ ಕಥೆಯಾಗಿಯೂ ಕೇಳುತ್ತೇನೆ. ಕೋಣೆ ಮಾಡಬೇಕಿದ್ದ ಕೆಲಸವನ್ನು ಕಲಾವಿದ ತನ್ನ ವಾದ್ಯದ ಮೇಲೆ ಹೊತ್ತುಕೊಳ್ಳಬೇಕಾಯಿತು. ಈಗ ಆ ಹೊರೆ ನನ್ನ ಸ್ಪೀಕರುಗಳ ಮೇಲೆ ಬಿದ್ದಿದೆ. ಗೋಡೆ ಗುಂಯ್‌ಗುಡುತ್ತದೆ ಎಂದು ವಾಲ್ಯೂಮ್ ಏರಿಸುತ್ತೇವೆ, ಏರಿಸಿದಷ್ಟೂ ಗೋಡೆ ಇನ್ನಷ್ಟು ಗುಂಯ್‌ಗುಡುತ್ತದೆ.

ಇದರಲ್ಲಿ ಅತಿ ಹೆಚ್ಚು ನಷ್ಟವಾಗುವುದು ವೀಣೆಗೆ. ವೀಣೆ ನಮ್ಮೂರಿನ ವಾದ್ಯ, ಶೇಷಣ್ಣನವರ, ಸುಬ್ಬಣ್ಣನವರ ಊರಿದು. ವೈಣಿಕರು ಒಮ್ಮೆ ಮೀಟಿ, ಅದೇ ಮೀಟಿನ ಮೇಲೆ ತಂತಿಯನ್ನು ಎಳೆದು ಎರಡು, ಮೂರು ಸ್ವರ ನುಡಿಸುತ್ತಾರೆ. ಮೀಟಿದ ಕ್ಷಣದಲ್ಲಿ ದನಿ ಜೋರು, ಎಳೆತದ ಕೊನೆ ಮುಟ್ಟುವ ಹೊತ್ತಿಗೆ ಅದು ಕ್ಷೀಣ. ರಾಗದ ಜೀವ ಇರುವುದು ಆ ಕೊನೆಯ ಕ್ಷೀಣ ಸ್ವರದಲ್ಲಿ. ತಲೆಯ ಮೇಲೆ ಫ್ಯಾನ್ ಗರಗರ ಎನ್ನುತ್ತಿದ್ದರೆ, ಏಸಿಯ ಗಾಳಿ ಭರ್ ಎಂದು ಬರುತ್ತಿದ್ದರೆ ಮೊದಲು ಸಾಯುವುದು ಅದೇ. ಮೈಕು ಏರಿಸಿದರೆ ಮೀಟು ಕಿವಿಗೆ ಚುಚ್ಚುತ್ತದೆ, ಎಳೆತ ಮಾತ್ರ ಕೇಳುವುದೇ ಇಲ್ಲ. ವೀಣೆಯ ಕಛೇರಿಗೆ ಜನ ಬರುವುದಿಲ್ಲ ಎಂದು ಕೊರಗುತ್ತೇವಲ್ಲ, ಬಂದ ಜನಕ್ಕೆ ವೀಣೆಯನ್ನು ಕೇಳಿಸಿದ್ದೇವೆಯೇ?

ನಮ್ಮಲ್ಲಿ ನವೀಕರಣ ಎಂದರೆ ಬಣ್ಣ, ಟೈಲ್ಸ್, ಫಾಲ್ಸ್ ಸೀಲಿಂಗ್, ಹೊಸ ಕುರ್ಚಿ, ಏಸಿ. ಟೆಂಡರಿನಲ್ಲಿ ಚದರಡಿ ಲೆಕ್ಕ ಇರುತ್ತದೆ, ದನಿಯ ಲೆಕ್ಕ ಇರುವುದಿಲ್ಲ. ನುಣುಪು ಟೈಲ್ಸ್ ಸದ್ದನ್ನು ಹಾಗೆಯೇ ಹಿಂದಕ್ಕೆ ಎಸೆಯುತ್ತದೆ. ಹಳೆಯ ಗಾರೆ ಗೋಡೆ, ಮರದ ತೊಲೆ, ಹೆಂಚು ಇವು ಸದ್ದನ್ನು ಒಡೆದು ಮೃದುಮಾಡುತ್ತಿದ್ದವು. ಅವನ್ನು ಮುಚ್ಚಿದ ದಿನವೇ ಆ ಕೋಣೆಯ ಸ್ವಭಾವ ಬದಲಾಗುತ್ತದೆ. ಹಾಗೆಂದು ಹಳೆಯದನ್ನು ಮುಟ್ಟಲೇಬಾರದು ಎನ್ನುವವನು ನಾನಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದದ್ದನ್ನು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದದ್ದನ್ನು ಈ ಊರು ಕಂಡಿದೆ. ಹಳೆಯ ಕಟ್ಟಡಕ್ಕೆ ಕಾಲಕಾಲಕ್ಕೆ ದುರಸ್ತಿ ಬೇಕೇ ಬೇಕು, ಮೊದಲು ಚಾವಣಿ, ಆಮೇಲೆ ನೆಲ. ಆದರೆ ಆ ಪಟ್ಟಿಯಲ್ಲಿ ಕಿವಿಗೂ ಒಂದು ಸಾಲು ಇರಲಿ. ಇನ್ನು ದುರಸ್ತಿಗೆಂದು ಬೀಗ ಹಾಕಿದರೆ ಮತ್ತೆ ತೆಗೆಯುವುದು ಯಾವಾಗಲೋ ಎಂಬ ಸ್ಥಿತಿ ತಪ್ಪಬೇಕು. ಜನ ಬೇರೆ ಕಡೆ ಹೋಗಿ ಅಭ್ಯಾಸವಾದರೆ, ತೆರೆದ ಮೇಲೂ ಆ ಸಭಾಂಗಣಕ್ಕೆ ಮರಳುವುದು ಕಷ್ಟ.

ಉಪನ್ಯಾಸ ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದರು: "ಇದಕ್ಕೆಲ್ಲ ಲಂಡನ್ನಿನವರ ಹಾಗೆ ಕೋಟಿಗಟ್ಟಲೆ ಬೇಕಲ್ಲ ಸ್ವಾಮಿ, ನಾವೇನು ಮಾಡೋಕಾಗತ್ತೆ?"

ಸರಿಪಡಿಸಲು ದುಡ್ಡು ಬೇಕು ಸಾರ್, ಆದರೆ ಅಳೆಯಲು ಹೆಚ್ಚೇನೂ ಬೇಕಿಲ್ಲ. ಫ್ಯಾನ್, ಏಸಿ ಎಲ್ಲ ಆರಿಸಿ, ವೇದಿಕೆಯ ನಡುವೆ ಒಂದು ದೊಡ್ಡ ಬಲೂನು ಒಡೆಯಿರಿ. ಮುಂದೆ, ನಡುವೆ, ಹಿಂದೆ, ಬಾಲ್ಕನಿಯಲ್ಲಿ ಒಂದೊಂದು ರೆಕಾರ್ಡರ್ ಇಡಿ. ಆ ಸದ್ದು ಎಷ್ಟು ಹೊತ್ತು ಎಳೆಯುತ್ತದೆ, ಯಾವ ಜಾಗದಲ್ಲಿ ಎರಡು ಸಲ ಕೇಳುತ್ತದೆ ಎಂದು ಕಂಪ್ಯೂಟರಿನಲ್ಲಿ ಗೆರೆಯಾಗಿ ಕಾಣುತ್ತದೆ. ಆಮೇಲೆ ಫ್ಯಾನ್ ಹಾಕಿ ಇನ್ನೊಮ್ಮೆ ರೆಕಾರ್ಡ್ ಮಾಡಿ. ಖಾಲಿ ಸಭಾಂಗಣದಲ್ಲಿ ಒಂದು ಸಲ, ಜನ ತುಂಬಿದಾಗ ಒಂದು ಸಲ ಅಳೆಯಬೇಕು, ಏಕೆಂದರೆ ಕೂತ ಜನರೂ ಸದ್ದನ್ನು ಹೀರುತ್ತಾರೆ. ಎರಡರ ನಡುವೆ ತುಂಬ ವ್ಯತ್ಯಾಸ ಬಂದರೆ ಪ್ಲಾಸ್ಟಿಕ್ ಕುರ್ಚಿ ಬೇಡ, ಮೆತ್ತೆಯ ಕುರ್ಚಿ ಹಾಕಿ ಎಂದು ಆ ಕಾಗದವನ್ನೇ ಟೆಂಡರಿಗೆ ಲಗತ್ತಿಸಬಹುದು. ಯಾವುದಾದರೂ ಸಭೆಯವರು ಒಪ್ಪಿದರೆ ರೆಕಾರ್ಡರುಗಳನ್ನು ನಾನೇ ತರುತ್ತೇನೆ.